ವುಲ್ಫರ್ಟನ್‌ನಲ್ಲಿ ದೀಪಕ್ಕೂ ಕಿರೀಟ ಇದೆ, ರೈಲು ಮಾತ್ರ ಇಲ್ಲ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಇಂಗ್ಲೆಂಡಿನ ವಾಯವ್ಯ ನಾರ್ಫೋಕ್‌ನ ಸಂಸದರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರ, ಕನ್ನಡಿಗ. ವಿಷಯ ವುಲ್ಫರ್ಟನ್ ರೈಲು ನಿಲ್ದಾಣದ್ದು. ಅದಕ್ಕೇನಾಗಿದೆ, ಚೆನ್ನಾಗಿಯೇ ಇದೆಯಲ್ಲ ಅಂತೀರಿ. ಹೌದು, ಕಟ್ಟಡ ಚೆನ್ನಾಗಿದೆ. ಸಿಗ್ನಲ್ ಕ್ಯಾಬಿನ್ ಉಳಿದಿದೆ. ಪ್ಲಾಟ್‌ಫಾರಂ ದೀಪಗಳ ನೆತ್ತಿಯ ಮೇಲೆ ಪುಟ್ಟ ಕಿರೀಟಗಳೂ ಇವೆ. ಆದರೆ 1969ರಿಂದ ರೈಲಿಲ್ಲ.

ಕಿಂಗ್ಸ್ ಲಿನ್‌ನಿಂದ ವುಲ್ಫರ್ಟನ್ ಮೂಲಕ ಹನ್‌ಸ್ಟಂಟನ್ ಕಡಲತೀರಕ್ಕೆ ಈ ಮಾರ್ಗ ಶುರುವಾಗಿದ್ದು 1862ರಲ್ಲಿ. ಅದೇ ವರ್ಷ ಪಕ್ಕದ ಸ್ಯಾಂಡ್ರಿಂಗಂ ಎಸ್ಟೇಟು ಬ್ರಿಟನ್ನಿನ ಯುವರಾಜನ ಪಾಲಾಯಿತು. ಹೀಗಾಗಿ ಈ ಹಳ್ಳಿ ಸ್ಟೇಷನ್ನಿನಲ್ಲಿ ರಾಜರಾಣಿಯರು ಬಂದಿಳಿಯತೊಡಗಿದರು. 1911ರ ದರ್ಬಾರಿನಲ್ಲಿ ನಮ್ಮ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಬದಲಿಸಿದ ಐದನೇ ಜಾರ್ಜ್ ಇದ್ದಾನಲ್ಲ, 1936ರಲ್ಲಿ ಅವನ ಶವಪೆಟ್ಟಿಗೆ ಲಂಡನ್ನಿಗೆ ರೈಲು ಹತ್ತಿದ್ದು ಇಲ್ಲೇ. 1952ರಲ್ಲಿ ಮಗ ಆರನೇ ಜಾರ್ಜನದ್ದೂ ಇಲ್ಲಿಂದಲೇ.

ಮರುವರ್ಷ ಜನವರಿ 31ರ ರಾತ್ರಿ ಸಮುದ್ರ ಉಕ್ಕಿತು. ಹನ್‌ಸ್ಟಂಟನ್ ಬಿಟ್ಟು ಬರುತ್ತಿದ್ದ ರೈಲಿಗೆ, ನಂಬ್ತೀರೋ ಇಲ್ವೋ, ನೀರಲ್ಲಿ ತೇಲಿ ಬಂದ ಒಂದು ಮನೆಯೇ ಡಿಕ್ಕಿ ಹೊಡೆಯಿತು! ಗಂಟೆಗಟ್ಟಲೆ ಸಿಕ್ಕಿಕೊಂಡರೂ ಸಿಬ್ಬಂದಿ ಎಂಜಿನ್ ರಿಪೇರಿ ಮಾಡಿ ಹೊರಡಿಸಿದರು. ಅಷ್ಟು ಗಟ್ಟಿ ಇದ್ದ ಮಾರ್ಗವನ್ನು ಮುಗಿಸಿದ್ದು ಕಡಲಲ್ಲ, ಕಚೇರಿ. ಸಿಬ್ಬಂದಿ ಕಡಿಮೆ ಮಾಡಿದರು, ಜೋಡಿ ಹಳಿ ಇದ್ದ ಕಡೆ ಒಂದನ್ನು ಕಿತ್ತರು, ಆಮೇಲೆ ಲಾಭವಿಲ್ಲ ಅಂದರು. ಹೀಗೆ ಮಾಡಿದರೆ ಯಾವ ರೈಲು ಲಾಭ ತರುತ್ತೆ ಹೇಳಿ?

ಎರಡನೇ ಎಲಿಜಬೆತ್ ರಾಣಿ ಕೂಡ ಕ್ರಿಸ್‌ಮಸ್ಸಿಗೆ ಸ್ಯಾಂಡ್ರಿಂಗಂಗೆ ಬರುವಾಗ ಎಲ್ಲರಂತೆ ಮಾಮೂಲಿ ರೈಲಲ್ಲಿ ಕಿಂಗ್ಸ್ ಲಿನ್ ತನಕ ಬಂದು, ಅಲ್ಲಿಂದ ಮುಂದೆ ಕಾರಿನಲ್ಲಿ ಹೋಗಬೇಕಾಯಿತು. ಅವರಿಗೆ ಕಾರಿತ್ತು ಬಿಡಿ. ಕಾರಿಲ್ಲದ ಅಜ್ಜಿ, ಸ್ಕೂಲು ಹುಡುಗರು ಬಸ್ಸಿಗೆ ಕಾಯಬೇಕು. ಆ ಬಸ್ಸೂ ಬೇಸಿಗೆಯಲ್ಲಿ ಎ149 ರಸ್ತೆಯ ಕಾರಿನ ಸಾಲಲ್ಲೇ ನಿಂತಿರುತ್ತೆ.

ವುಲ್ಫರ್ಟನ್ ಸ್ಟೇಷನ್ ಈಗ ಖಾಸಗಿ ಸ್ವತ್ತು, ಅದನ್ನು ಕೇಳ್ತಿಲ್ಲ. ಹನ್‌ಸ್ಟಂಟನ್ ನಿಲ್ದಾಣದ ಜಾಗ ಕಾರ್ ಪಾರ್ಕ್ ಆಗಿದೆ ಅಂತಲೂ ಗೊತ್ತು, ನಾಳೆಯೇ ಹಳಿ ಹಾಕಿ ಅನ್ನೋದು ಸುಮ್ನೆ ಮಾತಾಗುತ್ತೆ. ಆದರೆ ನಡುವೆ ಉಳಿದಿರುವ ಹಳೆ ಹಳಿದಾರಿಯ ಮೇಲೆ ಇನ್ನು ಒಂದು ಮನೆಯೂ ಏಳದಂತೆ ಕೌನ್ಸಿಲ್ ಹತ್ತಿರ ನೀವು ಮಾತಾಡಬಹುದು ಅಲ್ವಾ? ಮಾತಾಡಿದ್ದೀರೋ ಇಲ್ಲವೋ, ಅಷ್ಟನ್ನು ಬರಹದಲ್ಲಿ ತಿಳಿಸಿ.

ಇತಿ,
ಕಿಂಗ್ಸ್ ಲಿನ್‌ನ ಒಬ್ಬ ಮತದಾರ