ಆ ಒಟಿಪಿ ಯಾಕೆ ಹೇಳಲಿಲ್ಲ ಅಂದ್ರೆ

ಪುಟ್ಟಿ,

ಗುರುವಾರ ಸಂಜೆ ಮುದ್ದೆಗೆ ಎಸರಿಟ್ಟು ನಿಂತಿದ್ದೆ, ನಿನ್ನ ಫೋನ್ ಬಂತು. "ಅಮ್ಮಾ, ನಿನ್ನ ಮೊಬೈಲಿಗೆ ಆರು ನಂಬರ್ ಬಂದಿರುತ್ತೆ, ಬೇಗ ಹೇಳು, ಕಂಪ್ಯೂಟರ್ ಕ್ಲಾಸಿನ ಮೇಡಂ ಕಾಯ್ತಿದ್ದಾರೆ" ಅಂದೆ. ನಾನು ಹೇಳಲಿಲ್ಲ. ನೀನು ಕಟ್ ಮಾಡಿದೆ. ಅವತ್ತಿಂದ "ಊಟ ಆಯ್ತಾ" ಅಂದರೆ "ಹ್ಞೂಂ", ಅಷ್ಟೇ. ಫೋನಿನಲ್ಲಿ ಮಾತಾಡಿದರೆ ನಿನಗೆ ಸಿಟ್ಟು ಬರುತ್ತದೆ, ನನಗೆ ಅಳು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆ ಹುಡುಗ ನಾಳೆ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಲಿ ಕಳಿಸುತ್ತೇನೆ.

ಆ ಮೆಸೇಜನ್ನು ನಿನ್ನ ತಮ್ಮನ ಕೈಲಿ ಓದಿಸಿದೆ. ಅದು ನಿನ್ನ ಜಾವಾ ಕ್ಲಾಸಿಗೆ ಸೇರಿಸಿಕೊಳ್ಳುವ ನಂಬರ್ ಅಲ್ಲ ಕಣೇ. ಒಂದು ಫೈನಾನ್ಸ್ ಕಂಪನಿ ನಿನ್ನ ಹೆಸರಿಗೆ ಸಾಲ ಕೊಡುತ್ತದೆ, ಜೊತೆಯಲ್ಲಿ ನಾನೂ ಸಾಲಗಾರಳು, ಅದಕ್ಕೆ ನನ್ನ ಒಪ್ಪಿಗೆ. ನಮ್ಮ ಸಂಘದಲ್ಲಿ ಐದು ಸಾವಿರ ಸಾಲ ಕೇಳಿದರೂ ಯಾರಿಗೆ, ಯಾಕೆ, ಎಷ್ಟು ಕಂತು ಅಂತ ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರ ಮುಂದೆ ಓದಿ, ಆಮೇಲೆ ಸಹಿ ಹಾಕಿಸುತ್ತೇವೆ. ಹದಿನಾಲ್ಕು ವರ್ಷದಿಂದ ಆ ಪುಸ್ತಕ ಬರೆಯುತ್ತಿರುವವಳು ನಾನು. ಒಂದು ಲಕ್ಷದ ಸಾಲಕ್ಕೆ ಎಸರು ಕುದಿಯೋ ಅಷ್ಟರಲ್ಲಿ ಹ್ಞೂಂ ಅನ್ನು ಅಂದರೆ ಹೇಗೆ ಅನ್ನಲಿ?

ನೀನು ಫೀಜು 85,000 ಅಂದಿದ್ದೆ. ಇನ್‌ಸ್ಟಿಟ್ಯೂಟಿನ ಕಾಗದದಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿ 1,00,300 ಆಗಿದೆ. ಹನ್ನೆರಡು ಕಂತು ಅಂದರೆ ತಿಂಗಳಿಗೆ 8,358 ರೂಪಾಯಿ. ನಿನ್ನ ಪಿಜಿ ಬಾಡಿಗೆಗಿಂತ ಜಾಸ್ತಿ. "ಬಡ್ಡಿ ಇಲ್ಲ ಅಮ್ಮಾ, ಜೀರೋ ಪರ್ಸೆಂಟ್" ಅಂದೆ ಅಲ್ವಾ? ಬಡ್ಡಿ ಇಲ್ಲದೆ ದುಡ್ಡು ಕೊಡೋಕೆ ಅವರೇನು ನಿನ್ನ ಸೋದರಮಾವಂದಿರಾ? ಸಾಮಾನ್ಯವಾಗಿ ಇಂಥ ಕಡೆ ಫೈನಾನ್ಸ್‌ನವರು ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಇನ್‌ಸ್ಟಿಟ್ಯೂಟಿಗೆ ಕೊಡುತ್ತಾರೆ. ಅಂದರೆ ಬಡ್ಡಿ ಫೀಜಿನ ಒಳಗೇ ಕೂತಿರುತ್ತದೆ. "ನಗದು ಕಟ್ಟಿದರೆ ಎಷ್ಟು ಇಳಿಸ್ತೀರಿ" ಅಂತ ಕೇಳಿ ನೋಡು, ಗೊತ್ತಾಗುತ್ತದೆ. ನನಗೆ ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಪೂರ್ತಿ ದುಡ್ಡು ಮೊದಲ ವಾರವೇ ಅವರ ಕೈಗೆ ಹೋಗುತ್ತದೆ. ಆಮೇಲೆ ಪಾಠ ಸರಿ ಇಲ್ಲ ಅಂತ ನೀನು ಬಿಟ್ಟರೂ, ಅವರೇ ಬೀಗ ಹಾಕಿಕೊಂಡು ಹೋದರೂ, ಕಂತು ಕೇಳೋಕೆ ಫೈನಾನ್ಸ್‌ನವರು ಬರೋದು ನಮ್ಮ ಹತ್ತಿರವೇ. ಕಟ್ಟದಿದ್ದರೆ, ಮುಂದೆ ಸಾಲ ಕೊಡುವಾಗ ಬ್ಯಾಂಕಿನವರು ನೋಡುವ ನಿನ್ನ ಸಿಬಿಲ್ ಅಂಕ ಕೆಡುತ್ತದೆ, ನನ್ನದೂ ಕೆಡುತ್ತದೆ.

ಕಾಗದದಲ್ಲಿ ಇನ್ನೊಂದು ಇತ್ತು. ನಿನ್ನ ತಮ್ಮ ನಾಲ್ಕನೇ ಪುಟಕ್ಕೆ ಬಂದವನು ನಗೋಕೆ ಶುರು ಮಾಡಿದ. ನೀನು ಕಳಿಸಿದ ಬಣ್ಣದ ಫೋಟೋದಲ್ಲಿ "100% ಜಾಬ್ ಗ್ಯಾರಂಟಿ" ಅಂತ ದಪ್ಪ ಅಕ್ಷರ ಇದೆ. ಒಳಗೆ ಎಲ್ಲೂ ಗ್ಯಾರಂಟಿ ಅನ್ನುವ ಪದವೇ ಇಲ್ಲ, "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಅಂತಿದೆ. ಅಂದರೆ ಸಹಾಯ ಮಾಡ್ತೀವಿ, ಅಷ್ಟೇ. ದುಡ್ಡು ವಾಪಸ್ ಬೇಕಾದರೆ ನೂರಕ್ಕೆ ತೊಂಬತ್ತು ಹಾಜರಿ ಇರಬೇಕು, ಎಲ್ಲ ಮಾಕ್ ಟೆಸ್ಟ್ ಪಾಸಾಗಿರಬೇಕು, ಅವರು ಕಳಿಸಿದ ಒಂದು ಇಂಟರ್‌ವ್ಯೂವನ್ನೂ ತಪ್ಪಿಸಿರಬಾರದು, ಯಾವ ಊರು ಯಾವ ಕೆಲಸ ಅಂತ ಕೇಳಬಾರದು. ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಕೊಟ್ಟು, ನೀನು ಬೇಡ ಅಂದರೆ ಅವರ ಲೆಕ್ಕದಲ್ಲಿ ಕೆಲಸ ಕೊಟ್ಟ ಹಾಗೇ. ಅಷ್ಟು ಹೊತ್ತು ಕುಳಿತು ಆ ಪುಟ ಬರೆದವರ ಬುದ್ಧಿ ಪಾಠದಲ್ಲೂ ಇದ್ದರೆ ಚೆನ್ನಾಗಿತ್ತು.

ಒಂದು ಯೋಚನೆ ಮಾಡು. 2022ರಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಆಫರ್ ಲೆಟರ್ ಕೊಟ್ಟು, ಕೆಲವು ಹುಡುಗರನ್ನು ಎರಡು ವರ್ಷ ಮನೆಯಲ್ಲೇ ಕೂರಿಸಿದವು. ಕೆಲಸ ಕೊಡುವವರ ಮಾತೇ ಹೀಗಾದ ಮೇಲೆ, ಬಿಟಿಎಂನಲ್ಲಿ ಬೇಕರಿ ಮೇಲಿನ ಎರಡನೇ ಮಹಡಿಯ ನಿನ್ನ ಇನ್‌ಸ್ಟಿಟ್ಯೂಟಿನವರು ಯಾರದೋ ಕಂಪನಿಯ ಕೆಲಸಕ್ಕೆ ಹೇಗೆ ಗ್ಯಾರಂಟಿ ಕೊಡ್ತಾರೆ? 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಕೋಚಿಂಗ್ ಸೆಂಟರ್‌ನವರು ಕೆಲಸ ಖಾತ್ರಿ ಅಂತ ಸುಳ್ಳು ಜಾಹೀರಾತು ಕೊಡುವ ಹಾಗಿಲ್ಲ. ಮೋಸ ಹೋದವರು 1915ಕ್ಕೆ ಫೋನ್ ಮಾಡಬಹುದು. ಆದರೆ ದುಡ್ಡು ಹೋದ ಮೇಲೆ ಫೋನ್ ಮಾಡಿಕೊಂಡು ಕೂರೋದು ಎಷ್ಟು ಕಷ್ಟ ಅಂತ ಈ ಮನೆಗೆ ಗೊತ್ತಿದೆ.

ನಿನ್ನ ಮಾವನ ವಿಷಯ ನಿನಗೆ ಪೂರ್ತಿ ಹೇಳಿಲ್ಲ. 1999ರಲ್ಲಿ ಎಲ್ಲರ ಬಾಯಲ್ಲೂ ವೈಟುಕೆ (2000ನೇ ಇಸವಿ ಬಂದರೆ ಕಂಪ್ಯೂಟರುಗಳ ಲೆಕ್ಕ ತಪ್ಪುತ್ತೆ ಅನ್ನೋ ಭಯ), ಅದನ್ನು ಸರಿಮಾಡೋಕೆ ಬೇಕಾದ ಕೋಬಾಲ್ ಅನ್ನೋ ಕಂಪ್ಯೂಟರ್ ಭಾಷೆ, ಅಮೆರಿಕ. ನಿಮ್ಮ ತಾತ ಜೋಡೆತ್ತು ಮಾರಿ ಮಾವನ ಕೋಬಾಲ್ ಕೋರ್ಸಿಗೆ 28,000 ಕಟ್ಟಿದರು. ಕೋರ್ಸ್ ಮುಗಿಯುವ ಹೊತ್ತಿಗೆ ಕೋಬಾಲ್ ಕೇಳೋರೇ ಇರಲಿಲ್ಲ, 2001ರಲ್ಲಿ ಹೋಗಿ ನೋಡಿದರೆ ಇನ್‌ಸ್ಟಿಟ್ಯೂಟಿನ ಬೋರ್ಡೂ ಇರಲಿಲ್ಲ. ತಾತ ಮಾತಾಡಲಿಲ್ಲ. ಖಾಲಿ ಕೊಟ್ಟಿಗೆಯನ್ನು ದಿನಾ ಬೆಳಗ್ಗೆ ಗುಡಿಸುತ್ತಿದ್ದರು, ಸಗಣಿ ಇಲ್ಲದಿದ್ದರೂ. ಮಾವನಿಗೆ ಅಲ್ಲಿ ಕಲಿತ ಟೈಪಿಂಗ್ ಉಳಿಯಿತು. ಅದರಲ್ಲೇ ಜೆರಾಕ್ಸ್ ಅಂಗಡಿ ಇಟ್ಟ, ಈಗ ಪಹಣಿ ತೆಗೆದುಕೊಡುತ್ತಾ ಚೆನ್ನಾಗಿಯೇ ಇದ್ದಾನೆ. ಹಾಗಾಗಿ ಕಲಿಯೋದೇ ದಂಡ ಅಂತ ನಾನು ಹೇಳುತ್ತಿಲ್ಲ. ಪಾಠಕ್ಕೆ ಎಷ್ಟು, ಆಸೆಗೆ ಎಷ್ಟು ಕೊಡ್ತಿದ್ದೀವಿ ಅಂತ ಅವತ್ತು ನಮ್ಮಲ್ಲಿ ಯಾರೂ ಕೇಳಲಿಲ್ಲ.

ನಿನ್ನ ರೂಮಿನ ಹುಡುಗಿ "ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕಿ ಕೊಡ್ತಾರೆ, ಎಲ್ಲರೂ ಮಾಡ್ತಾರೆ" ಅಂದಳು ಅಂದೆಯಲ್ಲ, ಮಾಡದ ಕೆಲಸದ ಆ ಸುಳ್ಳು ಅನುಭವ ಮಾತ್ರ ಬೇಡವೇ ಬೇಡ. ನಿಮ್ಮ ಚಿಕ್ಕಪ್ಪ ಗಾರ್ಮೆಂಟ್ಸ್‌ನಲ್ಲಿ ಇದ್ದಾಗಿನ ಪಿಎಫ್ ಪಾಸ್‌ಬುಕ್ ನೋಡಿದ್ದೀಯಲ್ಲ, ಯಾವ ತಿಂಗಳು ಯಾವ ಕಂಪನಿ ದುಡ್ಡು ಕಟ್ಟಿದೆ ಅಂತ ಸಾಲಾಗಿ ಇರುತ್ತದೆ. ಕಂಪನಿಯವರು ವೆರಿಫಿಕೇಶನ್ ಮಾಡಿದಾಗ ನೋಡೋದೂ ಅದನ್ನೇ. ಕೆಲಸ ಸಿಕ್ಕ ಮೇಲೂ ಯಾವತ್ತು ಕರೀತಾರೋ ಅಂತ ಹೊಟ್ಟೆಯಲ್ಲಿ ಪುಕಪುಕ ಇಟ್ಟುಕೊಂಡು ಬದುಕಬೇಕಾ?

ಈಗ ನನ್ನ ಲೆಕ್ಕ ಕೇಳು. ಸಂಘದ ಉಳಿತಾಯದಲ್ಲಿ ನನ್ನದು 40,000 ಇದೆ. ಅಟ್ಟದ ಮೇಲಿನ ಕೊಬ್ಬರಿ ತಿಪಟೂರಿಗೆ ಹೋಗೋಕೆ ಇನ್ನೂ ಎರಡು ತಿಂಗಳು ಬೇಕು. ನಿಮ್ಮಪ್ಪ ಮೊನ್ನೆ ಹತ್ತಿ ನಾಲ್ಕು ಕಾಯಿ ಅಲ್ಲಾಡಿಸಿ ನೋಡಿದರು. ಒಂದರಲ್ಲಿ ಗಿಟುಕು ಬಿಟ್ಟುಕೊಂಡು ಲೊಟಲೊಟ ಅಂತು, ಮೂರರಲ್ಲಿ ಇನ್ನೂ ನೀರು. "ಮಗಳಿಗೆ ಬೇಕು ಅಂದರೆ ಈಗಲೇ ಕೊಡೋಣ" ಅಂದರು. ಹಸಿ ಕಾಯಿ ಕೆಡವಿದರೆ ಏನು ರೇಟು ಸಿಗುತ್ತೆ ಅಂತ ಗೊತ್ತಿದ್ದೂ ಹಾಗಂದರು. ನಾನೇ ಬೇಡ ಅಂದೆ.

ಆ 40,000 ನಿನ್ನ ಕಲಿಕೆಗೇ. ತಿಂಗಳು ತಿಂಗಳು ಫೀಜು ತೆಗೆದುಕೊಂಡು ಕಲಿಸುವವರು ಆಗಬೇಕು. ಕಲಿಸೋದು ನಿಂತರೆ ನಾವೂ ಕಟ್ಟೋದು ನಿಲ್ಲಿಸುವ ಹಾಗಿರಬೇಕು. ಸೇರುವ ಮೊದಲು ಒಂದು ವಾರ ಕ್ಲಾಸಿನಲ್ಲಿ ಕೂರಿಸುತ್ತಾರಾ ಕೇಳು. ಡೆಮೊ ದಿನ ಬಂದ ಮೇಷ್ಟ್ರೇ ಕೊನೆವರೆಗೂ ಇರ್ತಾರಾ ಕೇಳು. ಹೋದ ಬ್ಯಾಚಿನವರ ಜೊತೆ ಮಾತಾಡು, ಅವರು ತೋರಿಸಿದವರ ಜೊತೆ ಅಲ್ಲ, ಕೆಳಗೆ ಟೀ ಅಂಗಡಿಯಲ್ಲಿ ನಿಂತಿರೋರ ಜೊತೆ.

ಅದಕ್ಕೂ ಮುಂಚೆ ಒಂದು ತಿಂಗಳು ಫ್ರೀ ಇರೋದನ್ನು ಕಲಿತು ನೋಡ್ತೀಯಾ? ನಿನ್ನ ತಮ್ಮ ಎನ್‌ಪಿಟಿಇಎಲ್ ತೋರಿಸಿದ. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ, ಕೇಳೋಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಫೀಜು. ಇನ್ಫೋಸಿಸ್‌ನವರ ಸ್ಪ್ರಿಂಗ್‌ಬೋರ್ಡ್ ಅಂತ ಒಂದಿದೆ, ಅದೂ ಪುಕ್ಕಟೆ. ಕ್ಲಾಸಿನಲ್ಲಿ ಇದ್ದ ಹಾಗೆ ಯಾರೂ ಗದರಿಸೋರು ಇಲ್ಲದೆ ಅರ್ಧಕ್ಕೇ ಬಿಡ್ತೀಯ ಅನ್ನೋ ಭಯ ನನಗೂ ಇದೆ, ನಿನ್ನ ಸಂಗೀತದ ಕ್ಲಾಸ್ ನೆನಪಿದೆ. ಆದರೂ ಜಾವಾ ನಿನಗೆ ಹಿಡಿಸುತ್ತಾ ಇಲ್ವಾ ಅನ್ನೋದಾದರೂ ಗೊತ್ತಾಗುತ್ತಲ್ಲ. ಮತ್ತೆ ಯುವನಿಧಿಗೆ ಅರ್ಜಿ ಹಾಕಿದೆಯಾ? ನೀನು ಪಾಸಾಗಿ ಆರು ತಿಂಗಳು ದಾಟಿತು. ಡಿಗ್ರಿಯವರಿಗೆ ತಿಂಗಳಿಗೆ 3,000. ಸುಮ್ನೆ ಬಿಡಬೇಡ.

ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ. ಯಶವಂತಪುರಕ್ಕೆ ಬಾ. ಆರ್.ವಿ. ರೋಡಿನಲ್ಲಿ ಇಳಿದು ಹಳದಿ ಮೆಟ್ರೋ ಹತ್ತಬೇಕು ಅಂದಿದ್ದೆ, ನನಗೆ ಒಬ್ಬಳಿಗೆ ಆಗಲ್ಲ. ಇಬ್ಬರೂ ಹೋಗಿ ಆ ಮೇಡಂ ಎದುರಿಗೆ ಕೂರೋಣ. ಇಂಗ್ಲಿಷ್ ನೀನು ಮಾತಾಡು, ನಾಲ್ಕನೇ ಪುಟ ನಾನು ತೆಗೆದು ಇಡುತ್ತೇನೆ. ಬ್ಯಾಗಿನಲ್ಲಿ ಚಟ್ನಿಪುಡಿ ಇದೆ, ಕೊಬ್ಬರಿ ಜಾಸ್ತಿ ಹಾಕಿದ್ದೀನಿ. ಹೋದ ಸಲದ ಸ್ಟೀಲ್ ಡಬ್ಬಿ ತೊಳೆದು ಇಟ್ಟಿರು, ವಾಪಸ್ ತರಬೇಕು.

ಅಮ್ಮ