ಮೇಜಿನ ಮೂರು ಮೊಳೆ

ದೇರಾ, ದುಬೈ
ಭಾನುವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ಅಪ್ಪ ಕಳಿಸಿದ ಫೋಟೋ ಸಿಕ್ಕಿತು. ಕಾಸರಗೋಡಿನ ಎಂ.ಜಿ. ರಸ್ತೆಯಲ್ಲಿ ನಮ್ಮ ಬಟ್ಟೆ ಅಂಗಡಿ ಎಲ್ಲಿದೆ ಅಂತ ಎರಡು ಸಲ ಹುಡುಕಬೇಕಾಯಿತು. ಎಡಕ್ಕೆ ಮೊಬೈಲು, ಬಲಕ್ಕೆ ಮೊಬೈಲು. ಈಗ ನಮ್ಮದನ್ನು ಬಾಡಿಗೆಗೆ ಕೇಳುತ್ತಿರುವವನೂ ಮೊಬೈಲಿನವನೇ, ಅಲ್ವಾ? ಫೋನಿನಲ್ಲಿ ಈ ಮಾತು ತೆಗೆದರೆ ಅಮ್ಮ ಅಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ರಾತ್ರಿ ನೈಫ್ ಕಡೆ ಹೋಗಿದ್ದೆ. ನಾನು ಬಂದ ಹೊಸತರಲ್ಲಿ ಅಲ್ಲಿನ ಸೂಕ್, ಅಂದರೆ ಪೇಟೆ, ಬರೀ ಇಕ್ಕಟ್ಟು ಗಲ್ಲಿ, ತಲೆಗೆ ತಾಗುವ ಹಾಗೆ ನೇತುಹಾಕಿದ ಬಟ್ಟೆ. ನಮ್ಮ ಕಾಸರಗೋಡಿನವರೂ ತುಂಬಾ ಜನ ಇದ್ದರು. ತಳಂಗರೆಯ ಒಬ್ಬ ಅಂಗಡಿಯವರು ನನ್ನ ಊರು ಕೇಳಿ, 'ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಾ? ನನ್ನ ಮದುವೆ ಶರ್ಟಿನ ಬಟ್ಟೆ ಅಲ್ಲಿಯದ್ದೇ' ಅಂದಿದ್ದರು. ದುಡ್ಡು ಮಾತ್ರ ಒಂದು ದಿರ್ಹಮೂ ಬಿಡಲಿಲ್ಲ, ಬಿಡಿ!

2008ರ ಏಪ್ರಿಲ್‌ನಲ್ಲಿ ಆ ಸೂಕ್ ಸುಟ್ಟುಹೋಯಿತು. 2010ರಲ್ಲಿ ಅದೇ ಜಾಗದಲ್ಲಿ ಏಸಿ ಕಟ್ಟಡ ಎದ್ದಿತು. ಮರುವರ್ಷ ಮೆಟ್ರೋದ ಹಸಿರು ಲೈನ್ ದೇರಾಕ್ಕೆ ಬಂತು. ನನ್ನ ರೂಮಿನ ಕೆಳಗೆ ಕ್ಯಾಸೆಟ್ ಮಾರುತ್ತಿದ್ದವನು ಸಿಡಿ ಮಾರಿದ, ಆಮೇಲೆ ಕಾಲಿಂಗ್ ಕಾರ್ಡ್, ಈಗ ಮೊಬೈಲ್ ಕವರ್. ಕೂರುವ ಸ್ಟೂಲ್ ಮಾತ್ರ ಅದೇ. ಅಪ್ಪನ ಹಾಗೆ ಅವನೇನೂ ಅಪರಾಧ ಮಾಡಿದವನಂತೆ ಕೂತಿಲ್ಲ.

ನಮ್ಮ ಅಂಗಡಿಯೇನು ಬದಲಾಗದೆ ಉಳಿದದ್ದಾ? ಅಜ್ಜನ ಬೋರ್ಡಿನಲ್ಲಿ ಕನ್ನಡ ಮಾತ್ರ ಇತ್ತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಅಪ್ಪನ ಕಾಲಕ್ಕೆ ಮಲೆಯಾಳ ಮೇಲೆ, ಕನ್ನಡ ಕೆಳಗೆ. ಆಮೇಲೆ ಗಲ್ಫಿನ ದುಡ್ಡು ಬಂತು, ರೆಡಿಮೇಡ್ ಬಂತು. ಉದಯಗಿರಿಯ ನೇಕಾರರ ಕಾಸರಗೋಡು ಸೀರೆ ಕೇಳಿ ಬರುವವರು ಕಡಿಮೆಯಾದರು. ಈಗ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿವರೆಗೆ ಮೇಲ್ಸೇತುವೆ. ಮಂಗಳೂರಿಗೆ ಹೋಗುವವರು ಪೇಟೆಯ ತಲೆಯ ಮೇಲೇ ಹಾದುಹೋಗುತ್ತಾರೆ. ಇದರಲ್ಲಿ ಅಪ್ಪನ ತಪ್ಪು ಏನಿದೆ? ಕೊಟ್ಟುಬಿಡಿ.

ಆದರೆ ಬಟ್ಟೆ ಅಳೆಯುವ ಆ ಮೇಜು ಕೊಡಬೇಡಿ. ಅದರ ಅಂಚಿನ ಮೂರು ಹಿತ್ತಾಳೆ ಮೊಳೆಗಳ ಮೇಲೆ ಈಗಲೂ ಕಣ್ಣು ಮುಚ್ಚಿ ಬೆರಳಿಡಬಲ್ಲೆ. ಮೊದಲನೆಯದರಿಂದ ಎರಡನೆಯದಕ್ಕೆ ಒಂದು ಗಜ, 36 ಇಂಚು. ಮೂರನೆಯದು ಇನ್ನೂ ಮೂರು ಇಂಚು ಚಿಲ್ಲರೆ ಮುಂದೆ, ಮೀಟರಿಗೆ. ಸರ್ಕಾರ ಗಜ ಬಿಡಿಸಿ ಮೀಟರ್ ತಂದಾಗ ಅಜ್ಜ ಹೊಡೆದದ್ದು. ಹಳೇ ಮೊಳೆ ಕೀಳಲಿಲ್ಲ, ಮುದುಕಿಯರು ಗಜದಲ್ಲೇ ಕೇಳುತ್ತಿದ್ದರಲ್ಲ. ಬಟ್ಟೆ ಎಳೆದೆಳೆದು ಅಲ್ಲಿ ಮರ ಕನ್ನಡಿಯ ಹಾಗೆ ನುಣುಪಾಗಿದೆ. ಅಪ್ಪ ಅಲ್ಲಿ ಹಿಡಿದು, ಕತ್ತರಿಯಿಂದ ಒಂದು ಕಚ್ಚು ಕೊಟ್ಟು, ಪರ್‍ರ್ ಅಂತ ಹರಿಯುತ್ತಿದ್ದರು. ಒಂದು ಸಲವೂ ಸೊಟ್ಟ ಆಗುತ್ತಿರಲಿಲ್ಲ.

ಹೊಸಬ ಗಾಜಿನ ಕೌಂಟರ್ ಹಾಕುತ್ತಾನೆ, ಮೇಜು ಗುಜರಿಗೆ ಹೋಗುತ್ತದೆ. ಅದಕ್ಕೆ ಮುಂಚೆ ಮನೆಯ ಜಗಲಿಗೆ ತರಿಸಿ. ಕಾಲುಗಳ ಬೆಣೆ ತೆಗೆದರೆ ಆಟೋದಲ್ಲೇ ಬರುತ್ತದೆ. ಬಾಡಿಗೆ ಪತ್ರದಲ್ಲಿ ಇನ್ನೊಂದು ಸಾಲು ಬರೆಸಿ: ಬೋರ್ಡಿನಲ್ಲಿ ಕನ್ನಡವೂ ಇರಬೇಕು. ಒಪ್ಪದಿದ್ದರೆ ಬಾಡಿಗೆಯಲ್ಲಿ ಐನೂರು ಕಡಿಮೆ ಮಾಡಿ, ಅದನ್ನು ನಾನು ಕಳಿಸುತ್ತೇನೆ.

ಅಮ್ಮಾ, ಈ ಸಲ ಹಪ್ಪಳ ಕಳಿಸಬೇಡ. ಹೋದ ಸಲದ್ದು ಪುಡಿಯಾಗಿ ಬಂತು, ಸುಮ್ನೆ ಅನ್ನಕ್ಕೆ ಉದುರಿಸಿಕೊಂಡು ತಿಂದೆ.

ನಿಮ್ಮ ಮಗ