ಮೂರು ಕಣ್ಣಿನ ಕಲ್ಲು

ಕುಂಬಳೆ
ವಿಷುವಿನ ಮರುದಿನ

ಪ್ರಿಯ ಗೆಳೆಯಾ,

ನೀನು ಬಾಸ್ಟನ್ನಿನಿಂದ ಕಳಿಸಿದ ಫೋಟೋವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ ಲೆಕ್ಕವಿಲ್ಲ. ಒಂದು ಆಟದ ಮೈದಾನ, ಅದರಾಚೆ ನೀರು. ಇಲ್ಲಿ ನೋಡುವುದಕ್ಕೇನಿದೆ ಎಂದು ನಿನ್ನ ಜೊತೆ ಬಂದವರು ಕೇಳಿದರಂತೆ. ನನಗೆ ಮಾತ್ರ ಮೈ ಜುಮ್ಮೆಂದಿತು. 2019ರ ಅಕ್ಟೋಬರಿನಲ್ಲಿ ಆ ಲ್ಯಾಂಗೋನ್ ಪಾರ್ಕಿನ ಮಣ್ಣಿನಿಂದಲೇ ಅಲ್ಲವೇ ಬೈರನ್ ಪ್ರೈಸ್ ಹೂತಿಟ್ಟ ಪೆಟ್ಟಿಗೆ ಮೇಲೆ ಬಂದದ್ದು! ನಾನು ಒಂದು ಮಾತು ಹೇಳಿದ್ದಕ್ಕೆ ಕೆಲಸದ ನಡುವೆ ರಜೆ ಹಾಕಿ ಅಲ್ಲಿಗೆ ಹೋಗಿ ನಿಂತೆಯಲ್ಲ, ಆ ಋಣ ನನ್ನ ಮೇಲಿದೆ.

ಫೋನಿನಲ್ಲಿ ಅರ್ಧಕ್ಕೆ ನಿಂತ ಕಥೆಯನ್ನು ಈಗ ಪೂರ್ತಿ ಹೇಳುತ್ತೇನೆ. ಮೂರು ತಿಂಗಳಿಂದ ರಾತ್ರಿ ಊಟವಾದ ಮೇಲೆ ನನಗೆ ಇದೇ ಕೆಲಸ.

ಪ್ರೈಸ್ ಅಮೆರಿಕದ ಪ್ರಕಾಶಕ. ಹನ್ನೆರಡು ಪಿಂಗಾಣಿ ಪೆಟ್ಟಿಗೆಗಳನ್ನು ಮಾಡಿಸಿ, ಒಂದೊಂದರಲ್ಲೂ ಒಂದು ಕೀಲಿಕೈ ಇಟ್ಟು, ಉತ್ತರ ಅಮೆರಿಕದ ಬೇರೆ ಬೇರೆ ನಗರಗಳಿಗೆ ತಾನೇ ಹೋಗಿ ಹೂತು ಬಂದ. ಆಮೇಲೆ 1982ರಲ್ಲಿ ‘ದಿ ಸೀಕ್ರೆಟ್’ ಎಂಬ ಪುಸ್ತಕ ಹೊರತಂದ. ಅದರಲ್ಲಿ ಜಾನ್ ಜೂಡ್ ಪ್ಯಾಲೆಂಕಾರ್ ಬರೆದ ಹನ್ನೆರಡು ಚಿತ್ರಗಳಿವೆ, ಹನ್ನೆರಡು ಪದ್ಯಗಳಿವೆ. ಯಾವ ಚಿತ್ರಕ್ಕೆ ಯಾವ ಪದ್ಯ ಎಂದು ಹೇಳಿಲ್ಲ. ಜೋಡಿ ಹೊಂದಿಸಬೇಕು, ಊರು ಯಾವುದೆಂದು ತಿಳಿಯಬೇಕು, ಆ ಊರಿನಲ್ಲಿ ಜಾಗ ಹಿಡಿಯಬೇಕು, ಕೊನೆಗೆ ಅಗೆಯಬೇಕು. ಕೀಲಿಕೈ ತಂದುಕೊಟ್ಟವರಿಗೆ ಒಂದು ರತ್ನ. ರತ್ನದ ಬೆಲೆ ಆ ಕಾಲಕ್ಕೆ ಸುಮಾರು ಸಾವಿರ ಡಾಲರ್ ಇತ್ತಂತೆ. ಅಷ್ಟು ದುಡ್ಡಿಗಾಗಿ ಯಾರೂ ಹತ್ತಿಪ್ಪತ್ತು ವರ್ಷ ಒಂದು ಚಿತ್ರದ ಮುಂದೆ ಕೂರುವುದಿಲ್ಲ. ಈ ಹುಡುಕಾಟಕ್ಕೆ ಬಿದ್ದ ಶಿಕ್ಷಕರು, ವಕೀಲರು, ಶಾಲಾ ಮಕ್ಕಳು ಎಲ್ಲರಿಗೂ ಬೇರೆ ಏನೋ ಬೇಕಿತ್ತು. ಅದೇನೆಂದು ನನಗೂ ನಿನಗೂ ಗೊತ್ತು.

ಮೊದಲನೆಯದು ಷಿಕಾಗೋದಲ್ಲಿ 1983ರಲ್ಲಿ ಸಿಕ್ಕಿತು. ಹುಡುಕಿದವರು ಮೂವರು ಹದಿಹರೆಯದ ಹುಡುಗರು. ಪದ್ಯದಲ್ಲಿ ‘ಎಂ’ ಮತ್ತು ‘ಬಿ’ ಕಲ್ಲಿನಲ್ಲಿ ಕೂತಿದ್ದಾರೆ ಎಂದಿತ್ತು. ಅಲ್ಲಿನ ಸಂಗೀತ ಸಭಾಂಗಣದ ಗೋಡೆಯಲ್ಲಿ ಕೆತ್ತಿದ ಮೊಜಾರ್ಟ್ ಮತ್ತು ಬೀಥೋವನ್ ಹೆಸರುಗಳು ಅವು. ‘ಎಲ್’ ಕುಳಿತಿದ್ದಾನೆ ಎಂದರೆ ಗ್ರಾಂಟ್ ಪಾರ್ಕಿನಲ್ಲಿರುವ ಕುಳಿತ ಲಿಂಕನ್ ಪ್ರತಿಮೆ. ಹತ್ತು ಬೈ ಹದಿಮೂರು ಎಂದರೆ ಸಾಲಿಗೆ ನೆಟ್ಟ ಮರಗಳ ಲೆಕ್ಕ. ಎರಡನೆಯದಕ್ಕೆ ಇಪ್ಪತ್ತೊಂದು ವರ್ಷ ಕಾಯಬೇಕಾಯಿತು. 2004ರಲ್ಲಿ ಕ್ಲೀವ್‌ಲ್ಯಾಂಡಿನ ಗ್ರೀಕ್ ಉದ್ಯಾನದಲ್ಲಿ, ಸಾಕ್ರೆಟಿಸ್, ಪಿಂಡರ್, ಅಪೆಲೀಸ್ ಎಂಬ ಹೆಸರುಗಳ ಬೆನ್ನು ಹಿಡಿದು ಹೋದ ಇಬ್ಬರು ಕಲ್ಲುಗಳನ್ನು ಎಣಿಸಿ ಅಗೆದು ತೆಗೆದರು.

ಮರುವರ್ಷ, 2005ರ ಜುಲೈಯಲ್ಲಿ, ಪ್ರೈಸ್ ಕಾರು ಅಪಘಾತದಲ್ಲಿ ತೀರಿಕೊಂಡ. ಐವತ್ತೆರಡು ವರ್ಷ. ಯಾವ ಪೆಟ್ಟಿಗೆ ಎಲ್ಲಿದೆ ಎಂದು ಯಾರ ಬಳಿಯೂ ಬರೆದಿಟ್ಟು ಹೋಗಿರಲಿಲ್ಲ. ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಹೊರಗೆ ಜಗಲಿಯಲ್ಲಿ ಕುಳಿತಿದ್ದೆ. ಉತ್ತರ ಬಲ್ಲ ಒಬ್ಬನೇ ಒಬ್ಬ ಹೋದ ಮೇಲೆ ಒಗಟಿಗೆ ಉಳಿಯುವುದು ಮಣ್ಣು ಒಂದೇ.

ಆಮೇಲಿನದು ನಿನ್ನ ಬಾಸ್ಟನ್. ಪದ್ಯದಲ್ಲಿ ಬರುವ ಥ್ಯುಸಿಡೈಡಿಸ್, ಕ್ಸೆನಫನ್ ಹೆಸರುಗಳು ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಹೊರಗೋಡೆಯಲ್ಲಿವೆ. ಹದಿನೆಂಟನೆಯ ದಿನ, ದೀಪದ ಬೆಳಕು ಎಂದರೆ 1775ರ ಏಪ್ರಿಲ್ 18ರ ರಾತ್ರಿ ಪಾಲ್ ರಿವಿಯರ್ ಬ್ರಿಟಿಷ್ ಸೈನ್ಯ ಬರುತ್ತಿದೆ ಎಂದು ಕುದುರೆಯೇರಿ ಎಚ್ಚರಿಸಲು ಹೊರಟ ಸಂಗತಿ. ಇಷ್ಟನ್ನು ಯಾರು ಬೇಕಾದರೂ ಓದಿ ತಿಳಿಯಬಹುದು. ಆದರೆ ಅದೇ ಪದ್ಯದಲ್ಲಿ ಇನ್ನೊಂದು ಮಾತಿದೆ: ಮನೆಯಲ್ಲಿರುವ ಹಾಗೆ ಇರು ಎಂಬ ಅರ್ಥದ್ದು. ಬಾಗಿಲಿಗೆ ಬಂದವರಿಗೆ ನಾವೂ ದಿನಾ ಹೇಳುವ ಮಾತು ಎಂದು ನಾನು ಅದನ್ನು ದಾಟಿಬಿಟ್ಟಿದ್ದೆ. ಬೇಸ್‌ಬಾಲಿನಲ್ಲಿ ದಾಂಡಿಗ ನಿಲ್ಲುವ ಜಾಗಕ್ಕೇ ‘ಹೋಮ್’ ಎಂದು ಹೆಸರು! ಆ ಆಟ ಆಡಿ ಬೆಳೆದವನ ಕಿವಿಗೆ ಮಾತ್ರ ಆ ಮಾತು ಮಣ್ಣಿನತ್ತ ಬೆರಳು ತೋರಿಸುತ್ತದೆ.

ಸಿಕ್ಕಿದ ಬಗೆ ಇನ್ನೂ ಚೆಂದ. ಪಾರ್ಕಿನ ಕಾಮಗಾರಿ ಶುರುವಾಗಿ ನೆಲ ಅಗೆಯುವುದಿತ್ತು. ಲೆಕ್ಕ ಬಿಡಿಸಿದ್ದ ಒಬ್ಬರು ಮೊದಲೇ ಹೋಗಿ ಕೆಲಸದವರಿಗೆ ವಿಷಯ ತಿಳಿಸಿ, ಇಂಥಲ್ಲಿ ಅಗೆಯುವಾಗ ಸ್ವಲ್ಪ ಕಣ್ಣಿಡಿ ಎಂದು ಕೇಳಿಕೊಂಡರು. ಅವರು ಕಣ್ಣಿಟ್ಟರು. ಯಂತ್ರದ ಬಾಯಿಗೆ ಬಂದ ಪೆಟ್ಟಿಗೆಯ ತುಂಡು ಮಣ್ಣುಹೆಂಟೆಯ ಜೊತೆ ಲಾರಿ ಹತ್ತಲಿಲ್ಲ. ಪ್ರೈಸನ ಮನೆಯವರು ಅವನ ಮಾತು ಉಳಿಸಿಕೊಂಡು ರತ್ನ ಕೊಟ್ಟರು. ಇನ್ನೂ ಒಂಬತ್ತು ಪೆಟ್ಟಿಗೆಗಳು ಬಾಕಿ ಇವೆ. ಗಿಡ ಕಡಿದು, ದಾರಿ ತಿರುಗಿಸಿ, ಕಾಂಕ್ರೀಟು ಹಾಸಿದ ನಗರಗಳಲ್ಲಿ ಎಷ್ಟು ಉಳಿದಿವೆಯೋ.

ಇಂಗ್ಲೆಂಡಿನಲ್ಲೂ ಇದಕ್ಕೂ ಮೊದಲು ಹೀಗೊಂದು ಬೇಟೆ ನಡೆದಿತ್ತು. ಕಿಟ್ ವಿಲಿಯಮ್ಸ್ ಎಂಬ ಚಿತ್ರಕಾರ ಚಿನ್ನದ ಮೊಲವೊಂದನ್ನು ಮಾಡಿ 1979ರಲ್ಲಿ ಆಂಪ್ಟ್‌ಹಿಲ್ ಪಾರ್ಕಿನಲ್ಲಿ ಹೂತ. ಸುಳಿವಿಗೆಂದು ಅವನು ಹೊರತಂದ ಪುಸ್ತಕದ ಚಿತ್ರಗಳಲ್ಲಿರುವ ಮನುಷ್ಯರ, ಪ್ರಾಣಿಗಳ ಕಣ್ಣಿನಿಂದ ಉದ್ದದ ಬೆರಳಿನ ಮೂಲಕ ಗೆರೆ ಎಳೆದರೆ ಅದು ಅಂಚಿನಲ್ಲಿರುವ ಅಕ್ಷರಕ್ಕೆ ತಾಗುತ್ತದೆ. ಇಬ್ಬರು ಭೌತಶಾಸ್ತ್ರದ ಮೇಷ್ಟರು ಅದನ್ನು ನ್ಯಾಯವಾಗಿ ಬಿಡಿಸಿದರು, ಸರಿಯಾದ ಜಾಗದಲ್ಲೇ ಅಗೆದರು, ಆದರೂ ಮೊಲ ಅವರ ಕಣ್ಣಿಗೆ ಬೀಳಲಿಲ್ಲ. 1982ರಲ್ಲಿ ಅದು ಇನ್ನೊಬ್ಬನ ಪಾಲಾಯಿತು. ಅವನಿಗೆ ಒಳಗಿನ ಸುಳಿವು ಸಿಕ್ಕಿತ್ತು ಎಂಬುದು 1988ರಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. ಆ ಮೇಷ್ಟರಿಬ್ಬರಿಗಾಗಿ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ.

1988 ಎಂದಾಗ ನಿನಗೆ ನೆನಪಾಯಿತೇ? ನಾವಿಬ್ಬರೂ ಏಳನೆಯ ತರಗತಿ ಮುಗಿಸಿದ ಬೇಸಗೆ ಅದು. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಏನು ನಡೆಯುತ್ತಿದೆ ಎಂದು ಆಗ ನಮಗೆ ಏನು ಗೊತ್ತಿತ್ತು! ಆದರೂ ನಾನು ಚಿತ್ರ ಬರೆದೆ, ನೀನು ಪದ್ಯ ಕಟ್ಟಿದೆ. ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಗೊಬ್ಬರದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಿನ್ನ ಅಜ್ಜಿಯ ಹಿತ್ತಲಿನಲ್ಲಿ ಹೂತೆವು. ಒಳಗೆ ನಿನ್ನ ಅಜ್ಜನ ಕಾಲದ ಒಂದು ಆಣೆ, ಒಂದು ನವಿಲುಗರಿ, ಅಜ್ಜಿಯ ಚೆನ್ನೆಮಣೆಯಿಂದ ಕೇಳದೆ ತೆಗೆದ ನಾಲ್ಕು ಮಂಜೊಟ್ಟಿ ಕಾಯಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಆಟಿ ತಿಂಗಳಲ್ಲಿ ಮಣೆ ಇಳಿಸಿದ ಅಜ್ಜಿ 52ಕ್ಕೆ ಎಣಿಕೆ ನಿಂತಾಗ ಮೂರು ಸಲ ಎಣಿಸಿದರು. ಆಮೇಲೆ ಮನೆ ಪೂರ್ತಿ ಗುಡಿಸಿದರು. ನಾವು ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಅಟ್ಟ ಸ್ವಚ್ಛ ಮಾಡುವಾಗ ನನ್ನ ಚಿತ್ರದ ಪುಸ್ತಕ ಸಿಕ್ಕಿತು. ಗೆದ್ದಲು ಅಂಚು ತಿಂದಿದೆ, ನಡುವಿನ ಪುಟ ಉಳಿದಿದೆ. ಮೇಲೆ ಆರಿಕ್ಕಾಡಿ ಕೋಟೆಯ ಕೊತ್ತಳ. ಎಡಕ್ಕೆ ಅಶ್ವತ್ಥಕಟ್ಟೆ. ಕೆಳಗೆ ಅನಂತಪುರ ದೇವಸ್ಥಾನದ ಕೊಳದ ಮೊಸಳೆ, ಬಾಯಿ ತೆರೆದು ಬಲಕ್ಕೆ ನೋಡುತ್ತಿದೆ. ಮೇಲಿನ ಸಾಲಿನಲ್ಲಿ ಒಂಬತ್ತು ಹಲ್ಲು. ಕಟ್ಟೆಗೂ ಮೊಸಳೆಗೂ ನಡುವೆ ಕಪ್ಪಗೆ ನಿಂತ ಒಂದು ಆಕೃತಿ, ಅದಕ್ಕೆ ಒಂದರ ಕೆಳಗೊಂದು ಮೂರು ಕಣ್ಣು. ಯಾವ ಭೂತವನ್ನು ಬರೆದೆನೆಂದು ನಾಲ್ಕು ದಿನ ತಲೆ ಕೆಡಿಸಿಕೊಂಡೆ.

ಆಮೇಲೆ ನಿನ್ನ ಪದ್ಯದ ಮೊದಲ ಎರಡು ಸಾಲು ತಾನಾಗಿ ಬಾಯಿಗೆ ಬಂತು:

ಮೂರು ಕಣ್ಣು, ರೆಪ್ಪೆಯಿಲ್ಲ,
ಸಂಜೆ ನುಂಗಿದ್ದನ್ನು ಬೆಳಿಗ್ಗೆ ಉಗುಳುತ್ತಾನೆ.

ದಣಪೆಯ ಕಲ್ಲು! ಕತ್ತಲಾಗುತ್ತಲೇ ಅಜ್ಜಿ ಮೂರು ಬಿದಿರಿನ ಗಳಗಳನ್ನು ಅದರ ತೂತುಗಳಿಗೆ ಸಿಕ್ಕಿಸುತ್ತಿದ್ದರು, ಹಾಲು ಕರೆದ ಮೇಲೆ ದನ ಬಿಡುವುದಕ್ಕೆ ಎಳೆದು ತೆಗೆಯುತ್ತಿದ್ದರು. ಕಬ್ಬಿಣದ ಗೇಟು ಮಾತ್ರ ಕಂಡ ಮಕ್ಕಳಿಗೆ ಈ ಪದ್ಯ ಬಿಡಿಸಲು ಕೊಟ್ಟು ನೋಡು, ನಾನು ‘ಹೋಮ್’ ಎಂಬಲ್ಲಿ ಎಡವಿದ ಹಾಗೆಯೇ ಎಡವುತ್ತಾರೆ.

ಆ ಭಾನುವಾರವೇ ನಿಮ್ಮ ಹಿತ್ತಲಿಗೆ ಓಡಿದೆ. ಕಲ್ಲು ಇದೆ. ಆದರೆ ನಿಂತಲ್ಲಿ ಇಲ್ಲ. ಹೆದ್ದಾರಿ ಅಗಲವಾಗುವಾಗ ಕಟ್ಟೆ ಹೋಯಿತು, ಅಶ್ವತ್ಥ ಹೋಯಿತು, ಪಾಗಾರ ಒಳಗೆ ಬಂತು. ಕಿತ್ತ ದಣಪೆಯ ಕಲ್ಲನ್ನು ಯಾರೋ ಹಟ್ಟಿಯ ಮಗ್ಗುಲಿಗೆ ಒರಗಿಸಿಟ್ಟಿದ್ದಾರೆ. ಮುರಕಲ್ಲು, ಮಳೆಗೆ ಕಪ್ಪಾಗಿದೆ. ನಡುವಿನ ತೂತಿಗೆ ಕೈ ಹಾಕಿದೆ. ಗಳ ಉಜ್ಜಿ ಉಜ್ಜಿ ಒಳಗೆ ಗಾಜಿನಂತೆ ನುಣುಪು. ಅಷ್ಟು ವರ್ಷ ದಿನಕ್ಕೆ ಎರಡು ಸಲ ಅಜ್ಜಿಯ ಕೈ ಎಳೆದದ್ದು, ತಳ್ಳಿದ್ದು ಎಲ್ಲ ಆ ನುಣುಪಿನಲ್ಲಿತ್ತು. ಅಲ್ಲೇ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ನಿಂತೆ.

ಬಾಸ್ಟನ್ನಿನವರಿಗೆ ಹೇಳುವುದಕ್ಕೊಬ್ಬರಿದ್ದರು. ನಮ್ಮ ರಸ್ತೆಗೆ ಯಂತ್ರ ಬಂದಾಗ ಇಲ್ಲೊಂದು ಕಲ್ಲಿದೆ, ಅದು ನಿಂತ ಜಾಗವನ್ನು ಗುರುತು ಮಾಡಿಕೊಳ್ಳಿ ಎಂದು ನಾನು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಆ ಕೊರಗು ಹೋಗುವುದಿಲ್ಲ. ಊರಿನ ಹೆಸರುಗಳೂ ಹೀಗೆಯೇ ಅಲ್ಲವೇ? ಹೊಸದುರ್ಗ ಎಂದು ಬರೆದಿದ್ದರೆ ಅಲ್ಲೊಂದು ಕೋಟೆ ಇರಲೇಬೇಕೆಂದು ಓದಿದವನಿಗೆ ತಿಳಿಯುತ್ತದೆ. ಅದೇ ಊರಿನ ರೈಲ್ವೆ ನಿಲ್ದಾಣದಲ್ಲಿ ಇಳಿದು ಕಾಞಂಗಾಡ್ ಎಂಬ ಫಲಕ ಮಾತ್ರ ನೋಡಿದವನಿಗೆ ಆ ದಾರಿ ತೆರೆಯುವುದಿಲ್ಲ. ಏಳೆಂಟು ಭಾಷೆ ಆಡುವ ನಮ್ಮ ಕಾಸರಗೋಡಿನಲ್ಲಿ ಸುಳಿವು ಯಾವ ಭಾಷೆಯಲ್ಲಿ ಕೂತಿರುತ್ತದೋ ಹೇಳಲಾಗದು. ಒಂದನ್ನು ಅಳಿಸಿದರೂ ಒಂದು ಚಿತ್ರ ಕುರುಡಾಗುತ್ತದೆ.

ಹಳೆಯ ಪಾಗಾರದ ಅಡಿಪಾಯ ಬಾವಿಯ ಬಳಿ ಒಂದು ಗೇಣು ಕಾಣುತ್ತದೆ. ಅಲ್ಲಿಂದ ಹಗ್ಗ ಎಳೆದು ಕಲ್ಲು ನಿಂತಿದ್ದ ಜಾಗವನ್ನು ಅಂದಾಜು ಮಾಡಿದೆ. ಹೆಜ್ಜೆ ಹಾಕುವಾಗ ಇನ್ನೊಂದು ಹೊಳೆಯಿತು, ನಾವು ಆಗ ಹನ್ನೆರಡು ವರ್ಷದವರು. ಪಕ್ಕದ ಮನೆಯ ಹುಡುಗನನ್ನು ಕರೆದು, ಮೊಸಳೆಯ ಹಲ್ಲಿಗೊಂದರಂತೆ ಅವನಿಂದ ಒಂಬತ್ತು ಹೆಜ್ಜೆ ಹಾಕಿಸಿದೆ. ನನ್ನ ಹೆಜ್ಜೆಗೂ ಅವನದಕ್ಕೂ ಆರು ಅಡಿಗಿಂತ ಹೆಚ್ಚು ವ್ಯತ್ಯಾಸ ಬಂತು. ಪಿಕ್ಕಾಸು ಹಿಡಿದು ಎರಡಡಿ ಅಗೆದೆ. ಮೊದಲ ಒಂದಡಿ ಕೆಮ್ಮಣ್ಣು, ಆಮೇಲೆ ಚರಳು, ಆಮೇಲೆ ಟಣ್ ಎನ್ನುವ ಪಾದೆ. ಡಬ್ಬಿ ಇಲ್ಲ. ನಿನ್ನ ಭಾವನ ಒಪ್ಪಿಗೆ ಪಡೆದೇ ಅಗೆದದ್ದು, ಹೊಂಡವನ್ನು ಅವತ್ತೇ ಮುಚ್ಚಿದೆ. ಕೋಟೆಯ ಬಾವಿ, ಹಾಳುಬಿದ್ದ ಗುಡಿ ಎಂದು ರಾತ್ರಿ ಹೊತ್ತು ಕದ್ದು ಅಗೆಯುವವರ ನಿಧಿಯ ಆಸೆಗೂ ಇದಕ್ಕೂ ಸಂಬಂಧವೇ ಇಲ್ಲ. ಅವರು ಅಗೆದರೆ ಚರಿತ್ರೆಯೇ ಒಡೆದುಹೋಗುತ್ತದೆ.

ಮೊಸಳೆ ನೋಡುವ ದಿಕ್ಕನ್ನು ನಾನು ತಪ್ಪಾಗಿ ಹಿಡಿದಿರಬೇಕು. ಅಥವಾ ದಿಕ್ಕು ನಿನ್ನ ಪದ್ಯದಲ್ಲಿದೆ. ಒಟ್ಟು ಎಂಟು ಸಾಲಿತ್ತು, ನನಗೆ ನೆನಪಿರುವುದು ಎರಡೇ. ನೀನು ಅದನ್ನು ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದು, ಪುಟ ಹರಿದು, ನಿನ್ನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟದ್ದು ನನ್ನ ಕಣ್ಣಿಗೆ ಕಟ್ಟಿದೆ. ಆ ಪೆಟ್ಟಿಗೆ ಮಂಗಳೂರಿನಲ್ಲಿ ನಿನ್ನ ಅಮ್ಮನ ಮಂಚದ ಕೆಳಗಿದೆ ಎಂದು ನೀನೇ ಹೇಳಿದ್ದೆ. ಅಮ್ಮನಿಗೆ ಒಂದು ಫೋನು ಮಾಡು. ಅವರು ಹೂಂ ಎಂದರೆ ನಾನೇ ಬಸ್ಸು ಹತ್ತಿ ಹೋಗಿ ಹುಡುಕುತ್ತೇನೆ, ಅವರಿಗೆ ಬಗ್ಗುವ ಕಷ್ಟ ಬೇಡ.

ಈಗ ನೆಲ ಕಲ್ಲಾಗಿದೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಒಂದೆರಡು ಮಳೆ ಬಿದ್ದರೆ ಮಣ್ಣು ಸಡಿಲವಾಗುತ್ತದೆ. ಅಜ್ಜಿ ಕೊನೆಗಾಲದಲ್ಲಿ ನನ್ನ ಕೈಗೆ ಕೊಟ್ಟ ಚೆನ್ನೆಮಣೆ ನಮ್ಮ ಪಡಸಾಲೆಯಲ್ಲೇ ಇದೆ. 52 ಕಾಯಿಗಳೂ ಇವೆ, ನಿನ್ನೆ ವಿಷು ಕಣಿಯ ಪಕ್ಕದಲ್ಲಿಟ್ಟು ಎಣಿಸಿದೆ.

ನಿನ್ನ ಗೆಳೆಯ